ನಲವತ್ತು ಸೆಂಟಿನ ಮೂಗುಬೊಟ್ಟು

ತೂಕಕ್ಕಿಂತ ದೊಡ್ಡ ಸತ್ಯ ಲೋಕದಲ್ಲಿ ಇನ್ನೊಂದಿಲ್ಲ ಎಂದು ಭೋಜರಾಜ ನಂಬಿದ್ದ. ಹದಿನೇಳು ವರ್ಷದಿಂದ ಮದರಾಸಿನ ಎಗ್ಮೋರ್ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ತೂಕದ ಯಂತ್ರದ ಪಕ್ಕ ಕೂತವನು ಬೇರೆ ಏನನ್ನು ತಾನೇ ನಂಬಿಯಾನು? ನೋಡುವುದಕ್ಕೆ ಗುಡ್ಡದಷ್ಟಿದ್ದ ಹತ್ತಿಯ ಮೂಟೆ ಹಗುರವಾಗಿ ಬಂದದ್ದನ್ನೂ, ಅಂಗೈಯಗಲದ ಮೊಳೆಯ ಪೆಟ್ಟಿಗೆ ಇಬ್ಬರು ಕೂಲಿಗಳ ಸೊಂಟ ಹಿಡಿಸಿದ್ದನ್ನೂ ಅವನು ಕಣ್ಣಾರೆ ಕಂಡಿದ್ದ. ಮಣ, ಸೇರು ಹೋಗಿ ಕಿಲೋಗ್ರಾಂ ಬಂದಾಗ ಆಫೀಸಿನವರೆಲ್ಲ ತಲೆ ಕೆರೆದುಕೊಂಡರು. ಭೋಜರಾಜ ಮಾತ್ರ ಅದನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಿ, ಮನೆಯಲ್ಲಿ ಹೆಂಡತಿಗೂ ಒಪ್ಪಿಸಿದ್ದ.

ಹೆಂಡತಿ ಸುಮತಿ ಮೈಸೂರಿನವಳು. ಹೆಚ್ಚು ಮಾತಿನವಳಲ್ಲ. ವೆಸ್ಟ್ ಮಾಂಬಲಂನ ಒಂದು ಸಂದಿಯಲ್ಲಿ, ಕೆಳಗಿನ ಮನೆಯಲ್ಲಿ ಇವರಿಬ್ಬರು. ಮಹಡಿಯ ಮೇಲೆ ಬ್ಯಾಂಕಿನ ವಿಶ್ವನಾಥ ಮತ್ತು ಅವರ ಹೆಂಡತಿ ಶಾರದಮ್ಮ. ಶಾರದಮ್ಮನ ಮೂಗಿನಲ್ಲಿ ಒಂಟಿ ವಜ್ರದ ಮೂಗುಬೊಟ್ಟು ಇತ್ತು. ಆಕೆ ಮೆಟ್ಟಿಲಿಳಿದು ಬಂದರೆ ಮೊದಲು ಅದು ಬರುತ್ತಿತ್ತು, ಆಮೇಲೆ ಆಕೆ.

ಒಂದು ದಿನ ಭೋಜರಾಜ ಸುಮ್ಮನೆ ಕೇಳುವವನಂತೆ ಕೇಳಿದ. "ಎಷ್ಟು ತೂಕದ್ದು, ಶಾರದಮ್ಮನೋರೇ?"

"ಮೂವತ್ತು ಸೆಂಟು. ನೂರು ಸೆಂಟಾದ್ರೆ ಒಂದು ಕ್ಯಾರೆಟ್ಟು, ಗೊತ್ತಲ್ಲ?"

ಭೋಜರಾಜನಿಗೆ ಗೊತ್ತಿರಲಿಲ್ಲ. ಆದರೆ ಆ ಕ್ಷಣದಲ್ಲಿ ಅವನಿಗೆ ಬೇರೊಂದು ಗೊತ್ತಾಯಿತು: ಸುಮತಿಗೆ ನಲವತ್ತು ಸೆಂಟಿನದು ಬೇಕು.

ಮುಂದಿನ ಭಾನುವಾರ ಗಂಡ ಹೆಂಡಿರಿಬ್ಬರೂ ಪಾಂಡಿ ಬಜಾರಿನ ವಜ್ರದ ಅಂಗಡಿಯಲ್ಲಿ ಕೂತಿದ್ದರು. ಅಂಗಡಿಯ ಚೆಟ್ಟಿಯಾರರು ಮೈಸೂರು ಗಿರಾಕಿಗಳ ಜೊತೆ ವ್ಯಾಪಾರ ಮಾಡಿ ಮಾಡಿ ತಮಿಳು ಬೆರೆತ ಒಂದು ಕನ್ನಡ ಕಲಿತಿದ್ದರು. ಅವರು ನೀಲಿ ಕಾಗದದ ಮೇಲೆ ಎರಡು ಹರಳು ಇಟ್ಟರು.

"ಪಾರುಂಗೋ ಸಾರ್, ನೋಡಿ. ಇದು ಮೂವತ್ತನಾಲ್ಕು ಸೆಂಟು, ಅದು ನಲವತ್ತು. ರೇಟು ಎರಡಕ್ಕೂ ಒಂದೇ."

"ಒಂದೇನಾ?" ಭೋಜರಾಜನ ಹುಬ್ಬು ಮೇಲೇರಿತು. "ಹಗುರದ್ದಕ್ಕೂ ಭಾರದ್ದಕ್ಕೂ ಒಂದೇ ರೇಟು ಹೇಗ್ರೀ?"

"ಕಟಿಂಗು ಸಾರ್, ಕಟಿಂಗು. ಇದು ಸರಿಯಾಗಿ ಸಾಣೆ ಹಿಡಿದ ಕಲ್ಲು. ಮೇಲಿಂದ ಬಿದ್ದ ಬೆಳಕು ಮೇಲಕ್ಕೇ ವಾಪಸ್ ಬರ್ತದೆ. ಮುಖ ಅಗಲ. ಅದು ಆಳ ಜಾಸ್ತಿ. ತೂಕವೆಲ್ಲ ಕೆಳಗೆ ಹೊಟ್ಟೆಯಲ್ಲಿ ಉಕ್ಕಾಂದಿರುಕ್ಕು, ಕೂತ್ಕೊಂಡಿದೆ. ಬಂಗಾರದಲ್ಲಿ ಕೂಡಿಸಿದ ಮೇಲೆ ಹೊಟ್ಟೆ ಯಾರಿಗೆ ಕಾಣ್ತದೆ? ನನ್ನ ಕೇಳಿದ್ರೆ ಇದನ್ನೇ ತಗೊಳ್ಳಿ."

ಸುಮತಿ ಮೂವತ್ತನಾಲ್ಕರ ಕಡೆಗೇ ನೋಡುತ್ತಿದ್ದಳು. ಅದು ಅಲುಗಾಡಿದರೆ ಸಾಕು, ಕಾಗದದ ಮೇಲೆ ಕಿಡಿ ಉದುರಿದ ಹಾಗೆ ಕಾಣುತ್ತಿತ್ತು. "ಏನ್ರೀ, ಅದೇ ಚೆನ್ನಾಗಿದೆ ಅನ್ಸತ್ತೆ," ಎಂದಳು.

ಭೋಜರಾಜ ನಕ್ಕ. ವ್ಯಾಪಾರಿಯ ಮಾತಿಗೆ ಮರುಳಾಗುವ ಮುಗ್ಧೆಯನ್ನು ಕಾಪಾಡುವ ಗಂಡನ ನಗೆ ಅದು. "ನೋಡು ಸುಮತಿ, ಅಂಗಡಿಯವನು ಯಾವುದನ್ನ ತಗೊಳ್ಳಿ ಅಂತಾನೋ ಅದು ಮಾರಾಟ ಆಗದೆ ಉಳಿದದ್ದು ಅಂತ ಅರ್ಥ. ಕಣ್ಣು ಮೋಸ ಹೋಗುತ್ತೆ, ತಕ್ಕಡಿ ಹೋಗೋದಿಲ್ಲ. ಭಾರದ್ದು ಕೊಡಿ, ಚೆಟ್ಟಿಯಾರೇ."

ಚೆಟ್ಟಿಯಾರರು ಒಂದು ಸಲ ಸುಮತಿಯ ಕಡೆ ನೋಡಿ ನಿಟ್ಟುಸಿರಿಟ್ಟು, ನಲವತ್ತು ಸೆಂಟನ್ನು ಒಳಗಿದ್ದ ಅಕ್ಕಸಾಲಿ ಆಸಾರಿಯ ಕೈಗೆ ಕೊಟ್ಟರು. ಅವನು ಅದನ್ನು ಬಂಗಾರದಲ್ಲಿ ಕೂಡಿಸಿ ತಂದ.

ಮನೆಗೆ ಬಂದು ಬಾಗಿಲು ತೆರೆಯುವ ಮೊದಲೇ ಭೋಜರಾಜ ಸಂದಿಗೆಲ್ಲ ಕೇಳುವಂತೆ "ನಲವತ್ತು ಸೆಂಟು" ಎಂದು ಎರಡು ಸಲ ಹೇಳಿದ. ಶಾರದಮ್ಮ ಇಳಿದು ಬಂದರು. ಪಕ್ಕದ ಮನೆಯ ತಮಿಳು ಮಾಮಿ ಒಗೆದ ಸೀರೆ ಹಿಂಡುತ್ತಲೇ ಬಂದರು. ಇಬ್ಬರೂ ಸುಮತಿಯ ಮೂಗನ್ನು ನೋಡಿದರು. ಶಾರದಮ್ಮ ಬಲಗಡೆಯಿಂದ ನೋಡಿದರು, ಎಡಗಡೆಯಿಂದ ನೋಡಿದರು.

"ಚೆನ್ನಾಗಿದೆ," ಎಂದರು ಕೊನೆಗೆ. "ಪುಟ್ಟದಾಗಿ, ಲಕ್ಷಣವಾಗಿದೆ."

ಮಾಮಿಗೆ ಅಷ್ಟು ನಾಜೂಕು ತಿಳಿಯದು. "ಕಲ್ಲು ಎಂಗೆ, ಮಾಮಾ?" ಎಂದು ಕೇಳಿದರು. ಕಲ್ಲು ಎಲ್ಲಿ ಎಂದು.

ಬೇರೆ ಯಾರಾದರೂ ಆಗಿದ್ದರೆ ಕುಗ್ಗಿಹೋಗುತ್ತಿದ್ದರು. ಭೋಜರಾಜ ಒಳಗೆ ಹೋಗಿ ಸೀಮೆಸುಣ್ಣ ತಂದ. ಜಗಲಿಯ ಮೇಲೆ ಉದ್ದನೆಯ ಒಂದು ಬಾವಿಯ ಚಿತ್ರ ಬರೆದ. "ಬಾವಿಯ ಬಾಯಿ ನೋಡಿ ನೀರು ಎಷ್ಟಿದೆ ಅಂತ ಹೇಳೋಕಾಗುತ್ತಾ? ಇಲ್ಲ. ಹೊಂಡದ ಬಾಯಿ ಅಗಲ, ನೀರು ಮೊಣಕಾಲುದ್ದ. ನನ್ನ ಹೆಂಡತಿ ಮೂಗಿನಲ್ಲಿರೋದು ಬಾವಿ." ಆ ಮಾತಿನ ಆಚೆ ಹೊಂಡ ಯಾರ ಮೂಗಿನಲ್ಲಿದೆ ಎಂಬುದನ್ನು ಅವನು ಹೇಳಲಿಲ್ಲ. ಆದರೂ ಶಾರದಮ್ಮ ದಡದಡ ಮೆಟ್ಟಿಲು ಹತ್ತಿ ಹೋದರು.

ಅಂದಿನಿಂದ ದಿನಾ ಸಾಯಂಕಾಲ ಆಫೀಸಿನಿಂದ ಬಂದು, ಕಾಫಿ ಕುಡಿದು, ಭೋಜರಾಜ ಸುಮತಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು ಅವಳ ಮುಖವನ್ನು ಹತ್ತು ನಿಮಿಷ ನೋಡುತ್ತಿದ್ದ. "ಆಹಾ," ಎನ್ನುತ್ತಿದ್ದ. "ಇದಕ್ಕೆ ಸಮ ಈ ಬೀದಿಯಲ್ಲೇ ಇಲ್ಲ." ಸುಮತಿ ತಲೆ ತಗ್ಗಿಸಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ನವರಾತ್ರಿ ಬಂತು. ಮನೆ ಮನೆಯಲ್ಲೂ ಗೊಂಬೆ ಕೂರಿಸಿದರು. ಸುಮತಿ ಒಂಬತ್ತು ದಿನ ಹದಿನಾರು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ ಬಂದಳು. ಹದಿನಾರು ಮನೆಯಲ್ಲಿ ಹದಿನಾಲ್ಕು ಕಡೆ ಯಾರಾದರೊಬ್ಬರು, "ನಲವತ್ತು ಸೆಂಟು ಅಂದ್ರಂತೆ ನಿಮ್ಮೆಜಮಾನ್ರು?" ಎಂದು ಕೇಳಿ, ಅವಳ ಮೂಗಿನ ಹತ್ತಿರ ಮುಖ ತಂದು, ಏನೂ ಹೇಳದೆ ಕಡಲೆ ಸುಂಡಲು ಕೊಟ್ಟು ಕಳಿಸಿದರು. ಉಳಿದ ಎರಡು ಮನೆಯವರಿಗೆ ಕಣ್ಣು ಮಂದ. ಈ ಸಂಗತಿಯನ್ನು ಅವಳು ಗಂಡನಿಗೆ ಹೇಳಲಿಲ್ಲ.

ಹಬ್ಬ ಮುಗಿದು ಎರಡು ವಾರವಾಗಿರಬಹುದು. ಶಾರದಮ್ಮ ಎರವಲು ಕೊಟ್ಟಿದ್ದ ಒರಳಿನ ಗುಂಡು ವಾಪಸು ಒಯ್ಯಲು ಕೆಳಗೆ ಬಂದವರು ಸುಮತಿಯನ್ನು ನೋಡಿ ಗುಂಡು ಹಿಡಿದುಕೊಂಡೇ ನಿಂತರು.

"ಇದೇನ್ರೀ ಇದು? ಕಲ್ಲು ದೊಡ್ಡದಾಗಿ ಕಾಣ್ತಾ ಇದೆ?"

ಸುಮತಿ ಬಾಯಿ ತೆರೆಯುವಷ್ಟರಲ್ಲಿ ಭೋಜರಾಜ ಎದ್ದು ಬಂದ. ಈ ದಿನಕ್ಕಾಗಿಯೇ ಅವನು ಕಾದಿದ್ದ. "ಕಲ್ಲು ಅದೇ, ಶಾರದಮ್ಮನೋರೇ. ನಿಮ್ಮ ಕಣ್ಣಿಗೆ ತಿಳಿವಳಿಕೆ ಬಂದಿದೆ. ಒಂದು ವಸ್ತುವಿನ ತತ್ತ್ವ ಅರ್ಥ ಆದ ಮೇಲೆ ಅದು ತನ್ನ ನಿಜವಾದ ಗಾತ್ರದಲ್ಲಿ ಕಾಣಿಸುತ್ತೆ."

ಅಷ್ಟರಲ್ಲಿ ಅಡುಗೆಮನೆಗೆ ಸರಿದಿದ್ದ ಸುಮತಿಯ ಕೈಯಿಂದ ಏನೋ ಠಣ್ಣನೆ ಬಿತ್ತು.

ಮಾಮಿಯೂ ಬಂದು ನೋಡಿ, "ಇಪ್ಪೊ ತೆರಿಯರದು," ಎಂದರು, ಈಗ ಕಾಣುತ್ತದಂತೆ. ಭೋಜರಾಜನ ಸೀಮೆಸುಣ್ಣಕ್ಕೆ ಬೆಲೆ ಬಂತು. ಸುತ್ತಲ ನಾಲ್ಕು ಸಂದಿಗಳಿಂದ ವಜ್ರ ಕೊಳ್ಳುವವರು, ಕೊಂಡವರು, ಕೊಳ್ಳುವ ಯೋಗವಿಲ್ಲದವರು ಎಲ್ಲರೂ ಬಂದು ಬಾವಿಯ ಪಾಠ ಕೇಳಿ, ಸುಮತಿಯ ಮೂಗು ನೋಡಿ, ತಲೆದೂಗಿ ಹೋದರು. "ಮೊದಮೊದಲು ಇದೇ ಕಲ್ಲು ನಮ್ಮ ಬೀದಿಯವರಿಗೆ ಸಾಸಿವೆಕಾಳಿನ ಹಾಗೆ ಕಂಡಿತ್ತು," ಎಂದು ಭೋಜರಾಜ ಹೇಳುವಾಗ ಅವನ ದನಿಯಲ್ಲಿ ಹಳೆಯ ಅಜ್ಞಾನಿಗಳ ಬಗ್ಗೆ ಕ್ಷಮೆಯಿತ್ತು.

ಕೀರ್ತಿ ಪಾರ್ಸಲ್ ಆಫೀಸಿಗೂ ಮುಟ್ಟಿತು. ಅಲ್ಲಿನ ಸೂಪರ್‌ವೈಸರ್ ಕೃಷ್ಣಪ್ರಸಾದರು ಮಂಗಳೂರಿನವರು. ಮಗಳ ಮದುವೆ ನಿಶ್ಚಯವಾಗಿತ್ತು. ಅವಳಿಗೆ ವಜ್ರದ ಮೂಗುತಿ ಮಾಡಿಸಬೇಕಿತ್ತು. ಅವರು ಹೆಂಡತಿ ರಮಾಬಾಯಿಯನ್ನು ಕರೆದುಕೊಂಡು ಒಂದು ಶನಿವಾರ ಸಾಯಂಕಾಲ ಭೋಜರಾಜನ ಮನೆಗೇ ಬಂದುಬಿಟ್ಟರು. ಮೇಲಧಿಕಾರಿ ತನ್ನ ಮನೆಯ ಚಾಪೆಯ ಮೇಲೆ ಕೂತದ್ದನ್ನು ಕಂಡು ಭೋಜರಾಜ ಪಾಠವನ್ನು ಅರ್ಧ ಗಂಟೆ ಹೆಚ್ಚು ನಡೆಸಿದ.

ರಮಾಬಾಯಿಗೆ ಬಾವಿ, ಹೊಂಡ ಯಾವುದೂ ಬೇಕಿರಲಿಲ್ಲ. ಆಕೆ ಸುಮತಿಯ ಮುಖವನ್ನೇ ನೋಡುತ್ತಿದ್ದರು. "ನಲವತ್ತು ಸೆಂಟು ಅಂದ್ರೆ ಇಷ್ಟು ದೊಡ್ಡ ಉಂಟಲ್ಲ, ಇವರೇ," ಎಂದು ಗಂಡನಿಗೆ ಹೇಳಿದರು. "ನನಗೆ ಇದೇ ಅಳತೆ ಬೇಕು. ಸುಮತಿ, ನಿಮ್ಮ ಮನೆಯಲ್ಲಿ ತೊಗರಿಬೇಳೆ ಉಂಟಾ?"

ಸುಮತಿ ಬೇಳೆಯ ಡಬ್ಬಿ ತಂದಳು. ರಮಾಬಾಯಿ ಒಂದೊಂದೇ ಬೇಳೆ ತೆಗೆದು ಮೂಗುಬೊಟ್ಟಿನ ಪಕ್ಕ ಹಿಡಿದು ನೋಡಿ, ಹನ್ನೊಂದನೆಯದು ಸರಿಹೋಯಿತೆಂದು ಅದನ್ನು ಕಾಗದದಲ್ಲಿ ಮಡಿಚಿ ಕೈಚೀಲದಲ್ಲಿಟ್ಟುಕೊಂಡರು.

"ರಮಾಬಾಯಿಯವರೇ," ಎಂದಳು ಸುಮತಿ, "ತೂಕ ಕೇಳೋದು ಬೇಡ. ಕಣ್ಣಿಗೆ ಯಾವುದು ಚೆನ್ನಾಗಿ ಕಾಣತ್ತೋ ಅದನ್ನ ನೋಡಿ ತಗೊಳ್ಳಿ."

"ಅವಳಿಗೆ ಇನ್ನೂ ತತ್ತ್ವ ಪೂರ್ತಿ ಹತ್ತಿಲ್ಲ," ಎಂದ ಭೋಜರಾಜ. "ನೀವು ನಲವತ್ತು ಸೆಂಟೇ ಕೇಳಿ ಸರ್. ಚೆಟ್ಟಿಯಾರು ಹಗುರದ್ದನ್ನ ದಾಟಿಸೋಕೆ ನೋಡ್ತಾರೆ. ಬಿಡಬೇಡಿ. ನನ್ನ ಹೆಸರು ಹೇಳಿ."

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಆಫೀಸಿನ ಜವಾನ ಸೈಕಲ್ ಮೇಲೆ ಬಂದ. ಸೂಪರ್‌ವೈಸರು ಪಾಂಡಿ ಬಜಾರಿನ ಅಂಗಡಿಯಲ್ಲಿದ್ದಾರೆ, ದೊಡ್ಡ ಜಗಳ ಆಗುತ್ತಿದೆ, ಯಜಮಾನರೂ ಅಮ್ಮನವರೂ ಕೂಡಲೇ ಬರಬೇಕಂತೆ ಎಂದ. ಮೂಗುಬೊಟ್ಟು ಹಾಕಿಕೊಂಡೇ ಬರಬೇಕಂತೆ.

ಸುಮತಿ ತಲೆನೋವು ಎಂದಳು. ಒಲೆಯ ಮೇಲೆ ಹುಳಿ ಇದೆ ಎಂದಳು. ಭೋಜರಾಜ ತಾನೇ ಒಲೆ ಆರಿಸಿದ. "ಸುಮತಿ, ಇವತ್ತು ಒಬ್ಬ ವ್ಯಾಪಾರಿಯ ಮೋಸ ಬಯಲಾಗೋ ದಿನ," ಎಂದ. ಅದು ಒಂದು ರೀತಿಯಲ್ಲಿ ನಿಜವೇ ಆಗಿತ್ತು, ವ್ಯಾಪಾರಿಯ ಬದಲು ಬೇರೆಯವರದು ಎಂಬುದನ್ನು ಬಿಟ್ಟರೆ.

ಅಂಗಡಿಯಲ್ಲಿ ಕೃಷ್ಣಪ್ರಸಾದರು ಬೆವರುತ್ತಿದ್ದರು. ರಮಾಬಾಯಿಯ ಮುಂದೆ ನೀಲಿ ಕಾಗದದ ಮೇಲೆ ಒಂದು ಹರಳು, ಅದರ ಪಕ್ಕದಲ್ಲಿ ತೊಗರಿಬೇಳೆ. ಬೇಳೆಯ ಮುಂದೆ ಹರಳು ಬಡಕಲಾಗಿ ಕಾಣುತ್ತಿತ್ತು.

"ನೋಡು ಮಾರಾಯ," ಎಂದರು ಕೃಷ್ಣಪ್ರಸಾದರು. "ಇವರು ಇದನ್ನು ನಲವತ್ತು ಸೆಂಟು ಅಂತ ಹೇಳುವುದು. ನಿನ್ನ ಹೆಂಡತಿಯದ್ದು ಎಲ್ಲಿ, ಇದು ಎಲ್ಲಿ?"

ಭೋಜರಾಜ ಬಾಗಿ ಹರಳನ್ನು ನೋಡಿದ. ಅವನ ಮುಖದಲ್ಲಿ ಮೊದಲು ಕನಿಕರ, ಆಮೇಲೆ ತಿರಸ್ಕಾರ ಕಾಣಿಸಿಕೊಂಡಿತು. ಚಿಮುಟದಿಂದ ಎತ್ತಿ ಬೆಳಕಿಗೆ ಹಿಡಿದ. "ಇದು ನಲವತ್ತಾ? ಇಪ್ಪತ್ತೈದು ಇದ್ದರೆ ಹೆಚ್ಚು. ನಡುವೆ ನೋಡಿ, ಕತ್ತಲೆ. ಮುಖದಲ್ಲಿ ಕಳೆ ಇಲ್ಲ. ಇಂಥ ಕಲ್ಲನ್ನ ಬುದ್ಧಿ ಇರೋನು ಯಾವನು ತಗೋತಾನೆ, ಚೆಟ್ಟಿಯಾರೇ?"

ಚೆಟ್ಟಿಯಾರರು ಉತ್ತರಕ್ಕೆ ಬಾಯಿ ತೆರೆದರು. ಸುಮತಿಯ ಕಡೆ ನೋಡಿದರು. ಬಾಯಿ ಮುಚ್ಚಿಕೊಂಡು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದರು.

"ಮಾತಾಡ್ರೀ," ಎಂದ ಭೋಜರಾಜ.

"ಸಾರ್, ನಾನು ಮಾತಾಡೋದಿಲ್ಲ. ತಕ್ಕಡಿ ಮಾತಾಡಲಿ," ಎಂದು ಅವರು ಗಾಜಿನ ಪೆಟ್ಟಿಗೆಯೊಳಗಿದ್ದ ಪುಟ್ಟ ತಕ್ಕಡಿಯನ್ನು ಮುಂದಕ್ಕೆ ಎಳೆದರು. ಹರಳನ್ನು ಒಂದು ತಟ್ಟೆಯಲ್ಲಿ, ಕೂದಲಿನಷ್ಟು ಹಗುರವಾದ ತೂಕದ ಬಿಲ್ಲೆಗಳನ್ನು ಇನ್ನೊಂದರಲ್ಲಿ ಇಟ್ಟರು. ಮುಳ್ಳು ಆ ಕಡೆ ಈ ಕಡೆ ತೂಗಾಡಿ ನಟ್ಟನಡುವೆ ನಿಂತಿತು. ಸರಿಯಾಗಿ ನಲವತ್ತು.

"ಇನ್ನೊಂದು ಸಲ," ಎಂದ ಭೋಜರಾಜ.

ಇನ್ನೊಂದು ಸಲವೂ ನಲವತ್ತು.

ಹದಿನೇಳು ವರ್ಷದ ಸೇವೆಯಲ್ಲಿ ಭೋಜರಾಜ ಎಂದೂ ಆಡದಿದ್ದ ಮಾತು ಆಗ ಅವನ ಬಾಯಿಂದ ಬಂತು. "ತಕ್ಕಡಿ ಸುಳ್ಳು ಹೇಳ್ತಿದೆ."

"ಅಯ್ಯಯ್ಯೋ, ಗವರ್ಮೆಂಟ್ ಸೀಲ್ ಇದೆ ಸಾರ್," ಎಂದು ಚೆಟ್ಟಿಯಾರರು ಎದೆ ಮುಟ್ಟಿಕೊಂಡರು.

"ಇರಲಿ. ನನ್ನ ಹೆಂಡತಿಯ ಕಲ್ಲು ನಲವತ್ತು ಸೆಂಟು, ನೀವೇ ತೂಗಿ ಕೊಟ್ಟದ್ದು. ಆಸಾರಿಯನ್ನ ಕರೀರಿ. ಬಂಗಾರದಿಂದ ಬಿಡಿಸಿ, ಇದೇ ತಕ್ಕಡಿಯಲ್ಲಿ ಹಾಕಿ. ಇಪ್ಪತ್ತೈದನ್ನ ನಲವತ್ತು ಅನ್ನೋ ತಕ್ಕಡಿ ಅದಕ್ಕೆ ಅರವತ್ತು ತೋರಿಸದೆ ಇದ್ರೆ ನನ್ನ ಹೆಸರು ಭೋಜರಾಜ ಅಲ್ಲ."

ಸುಮತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ರಮಾಬಾಯಿ ಅವಳನ್ನು ನೋಡಿದರು. ಚೆಟ್ಟಿಯಾರರು ಅವಳನ್ನು ನೋಡಿದರು. ಒಳಗಿನಿಂದ ಬಂದ ಆಸಾರಿ ಅವಳನ್ನು ನೋಡಿ, "ಈ ಅಮ್ಮಾವಾ?" ಎಂದವನು ಯಜಮಾನರ ಕಣ್ಣು ಕಂಡು ಹಾಗೇ ಹಿಂದಕ್ಕೆ ಸರಿದ.

"ಅಮ್ಮಾ," ಎಂದರು ಚೆಟ್ಟಿಯಾರರು, ಬಹಳ ನಯವಾಗಿ. "ನಿಮಗೆ ಕೊಟ್ಟ ಮಾತಿಗೆ ನಾನು ತಪ್ಪೋದಿಲ್ಲ. ಆದರೆ ನನ್ನ ತಾತನ ಕಾಲದ ಅಂಗಡಿ ಇದು. ಇವರು ನನ್ನನ್ನ ಕಳ್ಳ ಅಂತಿದ್ದಾರೆ."

ಸುಮತಿ ಸೆರಗು ಕೆಳಗಿಳಿಸಿದಳು. ಅವಳ ದನಿ ಮೆಲ್ಲಗಿತ್ತು.

"ಚೆಟ್ಟಿಯಾರದ್ದು ತಪ್ಪಿಲ್ಲ. ಈಗ ತೂಗಿದ್ರಲ್ಲ, ಅದೇ ನಮ್ಮ ಕಲ್ಲು. ನಾನೇ ತಂದು ವಾಪಸ್ ಕೊಟ್ಟೆ. ಬಂಗಾರ ಅದೇ, ಒಳಗೆ ಕೂಡಿಸಿರೋದು ಮೂವತ್ತನಾಲ್ಕು ಸೆಂಟಿಂದು. ಅವತ್ತು ಮೊದಲು ತೋರಿಸಿದ್ರಲ್ಲ, ಅದು."

ಭೋಜರಾಜನ ಕೈಯಲ್ಲಿ ಚಿಮುಟ ಹಾಗೇ ಇತ್ತು. ಬುದ್ಧಿ ಇರುವ ಯಾವನೂ ಕೊಳ್ಳದ ಹರಳು ಅವನ ಮುಂದೆಯೇ, ತಕ್ಕಡಿಯ ತಟ್ಟೆಯಲ್ಲಿ ಕೂತಿತ್ತು.

ಕೃಷ್ಣಪ್ರಸಾದರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದ್ರೆ ಇಷ್ಟು ದಿನ ನೀನು ನಮಗೆ ಪಾಠ ಮಾಡಿದ್ದು ಯಾವ ಕಲ್ಲಿನ ಬಗ್ಗೆ, ಮಾರಾಯ?"

ಭೋಜರಾಜ ಗಂಟಲು ಸರಿಮಾಡಿಕೊಂಡ. ಮುಳುಗುವಾಗಲೂ ಕೊರಳಪಟ್ಟಿ ನೆಟ್ಟಗಿರಬೇಕೆನ್ನುವ ಜಾತಿಯ ಮನುಷ್ಯ ಅವನು. "ತತ್ತ್ವ ಎರಡಕ್ಕೂ ಒಂದೇ, ಸರ್," ಎಂದ.

"ಆ ತತ್ತ್ವ ನನಗೆ ಬೇಡ," ಎಂದರು ರಮಾಬಾಯಿ. "ಸುಮತಿ, ನೀವು ಹೇಳಿ. ಭಾರದ್ದು ಸಣ್ಣ ಕಾಣುವುದು, ಹಗುರದ್ದು ದೊಡ್ಡ ಕಾಣುವುದು ಅಂದ್ರೆ ಎಂತ ಲೆಕ್ಕ?"

"ಅಯ್ಯೋ, ದೋಸೆ ಥರ ಅಷ್ಟೇ," ಎಂದಳು ಸುಮತಿ. "ಒಂದು ಸೌಟು ಹಿಟ್ಟು ಕಾವಲಿ ಮೇಲೆ ಹುಯ್ದು ಹಾಗೇ ಬಿಟ್ರೆ ಊತಪ್ಪ, ಅಂಗೈಯಷ್ಟಿರುತ್ತೆ. ಅದೇ ಹಿಟ್ಟನ್ನ ತೀಡಿದ್ರೆ ತಟ್ಟೆ ತುಂಬುತ್ತೆ. ಹಾಗಂತ ದೊಡ್ಡದಾಗ್ಲಿ ಅಂತ ತೀಡ್ತಾನೇ ಹೋದ್ರೆ ತೂತು ಬಿದ್ದು ಹರಿಯುತ್ತೆ. ಕಲ್ಲೂ ತೀರಾ ತೆಳ್ಳಗಾದ್ರೆ ಹೊಳಪೇ ಇರಲ್ವಂತೆ, ಚೆಟ್ಟಿಯಾರೇ ತೋರಿಸಿಕೊಟ್ರು. ಹದವಾಗಿ ತೀಡಿರೋದನ್ನ ನೋಡಿ ತಗೋಬೇಕು."

"ಇದು ನನಗೆ ಅರ್ಥ ಆಯ್ತು," ಎಂದರು ರಮಾಬಾಯಿ. "ಇಷ್ಟು ಹೇಳುವುದಕ್ಕೆ ಬಾವಿ ಎಂತಕ್ಕೆ ತೋಡಿದ್ದು ಇವರು?"

ಅಲ್ಲಿಂದ ಮುಂದಿನದು ಸುಮತಿಯ ಕೈಗೆ ಹೋಯಿತು. ಚೆಟ್ಟಿಯಾರರು ಐದು ಹರಳು ಇಟ್ಟರು. ಅವಳು ಯಾವುದರ ತೂಕವನ್ನೂ ಕೇಳಲಿಲ್ಲ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಹೊಳೆಯುತ್ತವೆಂದು ಒಂದೊಂದನ್ನೂ ಬೆರಳಸಂದಿಯಲ್ಲಿ ಇಟ್ಟುಕೊಂಡು ಬಾಗಿಲ ಹತ್ತಿರ ಹೋಗಿ, ನೆರಳಿನಲ್ಲಿ ಕೈ ಅಲುಗಿಸಿ ನೋಡಿದಳು. ನಾಲ್ಕನೆಯದನ್ನು ರಮಾಬಾಯಿಯ ಕೈಗಿಟ್ಟಳು. ರಮಾಬಾಯಿ ಅದರ ಪಕ್ಕ ಬೇಳೆ ಹಿಡಿದು ನೋಡಿ, ಬೇಳೆಯನ್ನು ಚೆಟ್ಟಿಯಾರರ ಕಸದ ಬುಟ್ಟಿಗೆ ಹಾಕಿದರು. ಮದುವೆಗೆ ಇಬ್ಬರೂ ಮೂರು ದಿನ ಮೊದಲೇ ಬರಬೇಕೆಂದು ಹೇಳಿ, ಸುಮತಿಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಕೃಷ್ಣಪ್ರಸಾದರು ಭೋಜರಾಜನ ಬೆನ್ನು ತಟ್ಟಿ, "ಸೋಮವಾರ ಆಫೀಸಿನಲ್ಲಿ ಯಾರಿಗೂ ಹೇಳುವುದಿಲ್ಲ," ಎಂದರು. ಸೋಮವಾರ ಹನ್ನೊಂದು ಗಂಟೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಇದರ ಅರ್ಥ.

ಗಂಡ ಹೆಂಡಿರಿಬ್ಬರೂ ಮನೆಗೆ ನಡೆದರು. ರಂಗನಾಥನ್ ಬೀದಿಯುದ್ದಕ್ಕೂ ಭೋಜರಾಜ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಮಾಂಬಲಂ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ, ನಡುವೆ ಬಂದಾಗ ಕೇಳಿದ.

"ಯಾವಾಗ ಬದಲಾಯಿಸಿದ್ದು?"

"ನವರಾತ್ರಿ ಆದ ಮೇಲಿನ ಬುಧವಾರ. ನೀವು ಡ್ಯೂಟಿಗೆ ಹೋಗಿದ್ರಿ."

"ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳೋಣ ಅಂತಲೇ ಇದ್ದೆ. ನೀವು ಆಸೆಪಟ್ಟು ತಂದದ್ದು. ಬೇಜಾರಾಗತ್ತೇನೋ ಅಂತ ಅವತ್ತು ಬಿಟ್ಟೆ."

"ಅವತ್ತು ಸರಿ. ಆಮೇಲೆ? ದಿನಾ ಸಾಯಂಕಾಲ ಕಿಟಕಿ ಹತ್ರ ಕೂರಿಸ್ಕೊಂಡು ಹೊಗಳಿದೆನಲ್ಲ ಸುಮತಿ, ನಲವತ್ತು ಸೆಂಟು ಅಂದ್ಕೊಂಡು? ನೀನು ಒಳಗೊಳಗೇ ನಗ್ತಾ ಇದ್ದಿರಬೇಕು."

ಕೆಳಗೆ ತಾಂಬರಂ ಕಡೆಯ ರೈಲು ಬಂದು ನಿಂತಿತು. ಜನ ಸೇತುವೆಯ ಮೇಲೆ ನುಗ್ಗಿ ಬಂದರು. ಸುಮತಿ ಕಟಕಟೆಯ ಕಡೆ ಸರಿದು ನಿಂತಳು.

"ನಗಲಿಲ್ಲ," ಎಂದಳು. "ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ಮೊದಲನೇ ಸಲ ದಿನಾ ನನ್ನ ಮುಖ ನೋಡೋಕೆ ಶುರು ಮಾಡಿದ್ರಿ. ಕಲ್ಲಿನ ವಿಷಯ ಎತ್ತಿದ್ರೆ ಅದೂ ನಿಂತುಹೋಗತ್ತೆ ಅಂತ ಸುಮ್ಮನಿದ್ದೆ."

ಭೋಜರಾಜ ನಿಂತ. ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು, "ವಳಿ ವಿಡು ಸಾಮಿ," ಎಂದು ಬೈದುಕೊಂಡು ಅವನನ್ನು ಸುತ್ತಿಕೊಂಡು ಹೋದಳು. ದಾರಿ ಬಿಡಬೇಕೆಂಬುದು ಅವನಿಗೆ ತಿಳಿಯಲಿಲ್ಲ.

"ಈ ಕಡೆ ತಿರುಗು," ಎಂದ ಕೊನೆಗೆ.

"ಇಲ್ಲೇ? ಜನ ನೋಡ್ತಾರೆ."

"ನೋಡ್ಲಿ."

ಅವಳು ತಿರುಗಿದಳು. ಅವನು ಹಣೆಯಿಂದ ಶುರುಮಾಡಿ ನೋಡಿದ. ಕೆಳಗಿನ ರೈಲು ಹೊರಟುಹೋಯಿತು. ಆ ಕಡೆಯಿಂದ ಬೀಚ್ ಸ್ಟೇಷನ್ನಿನ ರೈಲು ಬಂದು, ಅದೂ ಹೋಯಿತು.

"ಹೇಗಿದೆ ಕಲ್ಲು?" ಎಂದಳು ಸುಮತಿ.

"ಇರು," ಎಂದ ಭೋಜರಾಜ. "ಇನ್ನೂ ಅಲ್ಲಿಗೆ ಬಂದಿಲ್ಲ."